ಹಂದಿಕಲ್ಲಿನ ಗುರ್ತು

ಕಿಟ್ಟ ತಾಂಡೇಲನಿಗೆ ಎಪ್ಪತ್ತೊಂದು ವರ್ಷ. ಈ ಎಪ್ಪತ್ತೊಂದು ವರ್ಷಗಳಲ್ಲಿ ಅವನು ತಾತ್ಸಾರ ಮಾಡದೆ ಬಿಟ್ಟದ್ದು ಎರಡನ್ನೇ: ಸತ್ತುಹೋದ ತನ್ನ ಅಪ್ಪನನ್ನು, ಮತ್ತು ಬೆಳಗಿನ ಗಂಜಿಯ ಜೊತೆ ಹೆಂಡತಿ ವನಜ ಸುಟ್ಟುಕೊಡುವ ಬಂಗಡೆಯನ್ನು. ಉಳಿದದ್ದಕ್ಕೆಲ್ಲ ಅವನ ಬಳಿ ಮೂಗಿನಿಂದ ಹೊರಡುವ ಒಂದೇ ಉತ್ತರವಿತ್ತು, ‘ಹ್ಞುಂ’. ಸರಕಾರಕ್ಕೆ ಹ್ಞುಂ, ಹವಾಮಾನದವರಿಗೆ ಹ್ಞುಂ, ಮಲ್ಪೆಯ ತಾಂಡೇಲರಿಗೆ ಎರಡು ಸಲ ಹ್ಞುಂ. ಇತ್ತೀಚೆಗೆ ಮಾತ್ರ ಅದರ ದೊಡ್ಡ ಪಾಲು ಪಶ್ಚಿಮ ದೇಶಗಳಿಗೆ ಸಲ್ಲುತ್ತಿತ್ತು.

ಗಂಗೊಳ್ಳಿ ಬಂದರಿನಲ್ಲಿ ಐಸ್ ಫ್ಯಾಕ್ಟರಿಯ ಗೋಡೆಗೆ ತಾಗಿ ಒಂದು ಸಿಮೆಂಟು ಕಟ್ಟೆಯಿದೆ. ಬೋಟು ನಡೆಸಿ ನಡೆಸಿ ಸೊಂಟ ಬಿದ್ದ ತಾಂಡೇಲರೆಲ್ಲ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಸೇರುತ್ತಾರೆ. ಮೊದಲೆಲ್ಲ ಮೀನಿನ ಮಾತು ನಡೆಯುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಮೊಬೈಲಿನಲ್ಲಿ ಯುರೋಪು ಮುಗಿಯಿತು, ಅಮೆರಿಕ ಮುಳುಗಿತು, ಇನ್ನು ಹತ್ತೇ ವರ್ಷ ಎಂದು ಕಿರುಚುವ ವಿಡಿಯೊಗಳು. ಆ ಮೊಬೈಲನ್ನು ಕಂಡುಹಿಡಿದವರು ಯಾರು, ಆ ವಿಡಿಯೊ ಯಾರ ಯಂತ್ರದಿಂದ ಇಳಿದು ಬರುತ್ತಿದೆ ಎಂದು ಕೇಳುವ ದರಿದ್ರ ಬುದ್ಧಿ ಕಟ್ಟೆಯ ಮೇಲೆ ಒಬ್ಬನಿಗೂ ಇರಲಿಲ್ಲ. ಇನ್ನೂ ಸಾಯದವನ ಮನೆಯ ಪಾತ್ರೆಯಲ್ಲೇ ಅವನ ತಿಥಿಯೂಟ ಬಡಿಸಿಕೊಂಡು ಉಣ್ಣುವುದೆಂದರೆ ಇದೇ.

ಕಿಟ್ಟ ಈ ಸಭೆಯ ಖಾಯಂ ಅಧ್ಯಕ್ಷ. ಪಶ್ಚಿಮದವರು ಮೇಲೆ ಬಂದದ್ದು ಯಾಕೆ, ಈಗ ಕೆಳಗಿಳಿಯುತ್ತಿರುವುದು ಯಾಕೆ ಎಂಬುದಕ್ಕೆ ಅವನದೇ ಒಂದು ಸಿದ್ಧಾಂತವಿತ್ತು. ವಾರಕ್ಕೊಮ್ಮೆಯಾದರೂ ಅದನ್ನು ಹೇಳದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ.

“ಅವ್ರ್ ದೊಡ್ ಜನ ಆದ್ದ್ ಎಂತಕ್ಕೆ ಗೊತ್ತಿತ್ತಾ? ಚಳಿ. ಮನಿಯೊಳ್ಗೆ ಕೂತ್ರೆ ಸತ್ತೇ ಹೋತ್ರ್. ತಿಂಬುಕೆ ಅಕ್ಕಿ ಇಲ್ಲೆ, ಹಾಕುಕೆ ಮೆಣ್ಸ್ ಇಲ್ಲೆ. ಹಸ್ದ ನಾಯಿ ಊರೆಲ್ಲ ತಿರ್ಗತ್ತ್. ತಿರ್ಗಿ ತಿರ್ಗಿ ನಮ್ಮನಿ ಅಡ್ಗಿಕೋಣಿ ಹೊಕ್ತ್. ನಮ್ಮೋರ್ ಹಚಾ ಅಂಬುದ್ ಬಿಟ್ಟ್ ಕೂಕಂಬುಕೆ ಮಣಿ ಕೊಟ್ರ್.”

“ಹೌದ್ ಹೌದ್,” ಎನ್ನುವವನು ಮಂಜ. ಅವನೂ ತಾಂಡೇಲನೇ, ಕಿಟ್ಟನಿಗಿಂತ ಎಂಟು ವರ್ಷ ಕಿರಿಯ, ಇನ್ನೂ ಬೋಟಿಗೆ ಹೋಗುತ್ತಿದ್ದ. ಎದುರಿಗೆ ಹೌದೆಂದು, ಹಿಂದಿನಿಂದ ನಗುವ ಜಾತಿ.

“ಈಗ ಹೊಟ್ಟಿ ತುಂಬ್ತ್. ಹೊಟ್ಟಿ ತುಂಬ್ದ್ ನಾಯಿ ಮನಿಕಂತ್ತ್. ಮದಿ ಆತಿಲ್ಲೆ, ಮಕ್ಳ್ ಬೇಡ, ನಾಯಿಗೇ ಮಕ್ಕಳ ಹೆಸ್ರ್ ಇಡ್ತ್ರ್. ಮುಗ್ದ್ ಹೋಯ್ತ್ ಅವ್ರ್ ಕಥಿ.”

ಇಷ್ಟು ಹೇಳಿ ಕಿಟ್ಟ ತನ್ನ ಸಾಕ್ಷಿಯನ್ನು ಹೊರತೆಗೆಯುತ್ತಿದ್ದ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ಹತ್ತು ತಿಂಗಳು ಗಲ್ಫಿನಲ್ಲಿ ಒಂದು ಟಗ್ ಹಡಗಿನಲ್ಲಿ ಖಲಾಸಿಯಾಗಿದ್ದ. ಅದರ ಕ್ಯಾಪ್ಟನ್ ಬಿಳಿಯ, ಕೆಂಪು ಮೀಸೆಯವನು. ಆ ಮನುಷ್ಯ ಗಾಳಿ ಬಂದರೆ ಬರೆಯುತ್ತಿದ್ದ, ಗಾಳಿ ನಿಂತರೆ ಬರೆಯುತ್ತಿದ್ದ. ಒಂದು ದಿನ ಹಡಗು ಮರಳಿನ ದಿಬ್ಬಕ್ಕೆ ತಳ ತಾಗಿಸಿಕೊಂಡಿತು. ಯಾರೂ ನೋಡಿರಲಿಲ್ಲ, ಏನೂ ಮುರಿದಿರಲಿಲ್ಲ. ಆದರೂ ಆ ಪುಣ್ಯಾತ್ಮ ಪುಸ್ತಕ ತೆಗೆದು ಬರೆದ. ಏನು ಬರೆದನೆಂದು ಮಂಗಳೂರಿನ ಅಡುಗೆಯವನು ಓದಿ ಹೇಳಿದ: ಇಂದು ನನ್ನ ತಪ್ಪಿನಿಂದ ಹಡಗು ನೆಲಕ್ಕೆ ತಾಗಿತು, ದಿಬ್ಬ ಇರುವುದು ಇಂಥಲ್ಲಿ.

“ನನ್ನ ತಪ್ಪಿನಿಂದ ಅಂಬ್ರ್!” ಕಿಟ್ಟ ತೊಡೆ ಬಡಿದುಕೊಂಡು ನಗುತ್ತಿದ್ದ. “ತನ್ನ ಮರ್ಯಾದಿ ತಾನೇ ತೆಗ್ದ್ ಪುಸ್ತಕದಲ್ಲ್ ಬರ್ದ್ ಇಡುವ ಬೋಳ ಮಂಡೆ ಜನ. ನೆನ್ಪ್ ಇಲ್ದಿದ್ದವ ಬರೀತ. ನಾವ್ ಬರೆಯೂದ್ ಎಂತಕ್ಕೆ?” ಕಟ್ಟೆ ನಗುತ್ತಿತ್ತು. ನಲವತ್ತೈದು ವರ್ಷಗಳಿಂದ ಅದೇ ಕಥೆ, ಅದೇ ನಗು.

ಬರೆಯದೆ ಇರುವುದರಲ್ಲಿ ಕಿಟ್ಟನಿಗೆ ಹೆಮ್ಮೆಯಿತ್ತು. ಯಾಕೆಂದರೆ ಅವನ ತಲೆಯೊಳಗೆ ಹಂದಿಕಲ್ಲಿತ್ತು.

ಕಡಲಿನಲ್ಲಿ ಹನ್ನೆರಡು ಮಾರು ನೀರಿನ ಕೆಳಗೆ ಅಡಗಿ ಕೂತ ಬಂಡೆ ಅದು. ಕಾಡುಹಂದಿ ಗೆಣಸಿನ ಗದ್ದೆ ಬಗೆದಂತೆ ಬಲೆಯನ್ನು ಬಗೆಯುತ್ತದೆಂದು ಆ ಹೆಸರು. ಅದರ ಅಂಚಿನಲ್ಲಿ ಮೀನು ದಂಡಿ, ಅದರ ಮೇಲೆ ಹೋದರೆ ಬಲೆ ಪುಡಿ. ಅದು ಎಲ್ಲಿದೆ ಎಂದು ನೀರು ನೋಡಿದರೆ ಗೊತ್ತಾಗುವುದಿಲ್ಲ, ದಡ ನೋಡಬೇಕು. ಕೋಡಿಯ ದೀಪಸ್ತಂಭ ಒಂದು ಕಡೆ, ಹಳೆಯ ಹಂಚಿನ ಕಾರ್ಖಾನೆಯ ಚಿಮಣಿ ಒಂದು ಕಡೆ, ದೂರದ ಘಟ್ಟದಲ್ಲಿ ಕೊಡಚಾದ್ರಿಯ ತುದಿ. ಯಾವುದು ಯಾವುದರ ಮೇಲೆ ಕೂತರೆ ಕಲ್ಲು ಅಡಿಗೆ ಬರುತ್ತದೆ ಎಂಬುದೇ ಗುರ್ತು. ಒಂದರ ಮೇಲೊಂದು ಕೂರದಿದ್ದರೆ ಕೈ ಉದ್ದಕ್ಕೆ ಚಾಚಿ, ಇಷ್ಟು ಬೆರಳು ಬಡಗು, ಇಷ್ಟು ಬೆರಳು ತೆಂಕು ಎಂದು ಅಳೆಯುವುದು. ಗುರ್ತು ಗೊತ್ತಿದ್ದವನು ತಾಂಡೇಲ, ಗೊತ್ತಿಲ್ಲದವನು ಬಲೆ ಎಳೆಯುವವ.

ಗೊತ್ತಿದ್ದವನು ಹೇಳುವುದಿಲ್ಲ, ಇದು ಬಂದರಿನ ಧರ್ಮ. ವಯರ್‌ಲೆಸ್‌ನಲ್ಲಿ ‘ಎಲ್ಲಿದ್ದೆ’ ಎಂದು ಯಾರಾದರೂ ಕೇಳಿದರೆ ಇಲ್ಲದ ಜಾಗವನ್ನೇ ಹೇಳಬೇಕು. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು, ಹೇಳಿದವನಿಗೂ ಗೊತ್ತು. ಇಬ್ಬರೂ ಮರುದಿನ ಒಂದೇ ಕಟ್ಟೆಯಲ್ಲಿ ಚಾ ಕುಡಿಯುತ್ತಾರೆ. ಅಷ್ಟೇ ಆಗಿದ್ದರೆ ನಗಬಹುದಿತ್ತು. ಕಿಟ್ಟನ ಮನೆತನದಲ್ಲಿ ಅದಕ್ಕೂ ಒಂದು ಕೈ ಮೇಲಾದ ಪದ್ಧತಿಯಿತ್ತು: ಮಗನಿಗೂ ಮೊದಲ ಸಲ ಸುಳ್ಳು ಗುರ್ತನ್ನೇ ಹೇಳಬೇಕು.

ಹತ್ತೊಂಬತ್ತರಲ್ಲಿ ಕಿಟ್ಟ ಅಪ್ಪ ಹೇಳಿದ ಗುರ್ತು ಹಿಡಿದು ದೋಣಿ ಹಾಕಿದ್ದ. ನೂಲಿನ ಬಲೆ ಚಿಂದಿಯಾಗಿ ಮೇಲೆ ಬಂತು. ದಡದಲ್ಲಿ ಅಪ್ಪ ನಗುತ್ತ ನಿಂತಿದ್ದ. “ಹೇಳಿ ಕೊಟ್ಟದ್ದ್ ಮರ್ತ್ ಹೋತ್ತ್. ಹರ್ದದ್ದ್ ಮರ್ತ್ ಹೋತಿಲ್ಲೆ,” ಎಂದು ಆಮೇಲೆ ನಿಜವಾದ ಗುರ್ತು ಹೇಳಿದ. ಕಿಟ್ಟ ಆ ದಿನ ಅತ್ತ. ಮರುದಿನದಿಂದ ಅದನ್ನೇ ದೊಡ್ಡ ವಿದ್ಯೆಯೆಂದು ಮೆರೆಸಿದ. ಹೀಗೆ ಪೆಟ್ಟು ತಿಂದದ್ದನ್ನೇ ಪಾಠವೆಂದು ತಿಳಿದು ಮುಂದಿನವನಿಗೆ ಹೊಡೆಯುವುದು ನಮ್ಮಲ್ಲಿ ಬರೀ ಮೀನುಗಾರರ ಗುಣವಲ್ಲ, ಆದರೆ ಆ ಮಾತು ಇಲ್ಲಿ ಬೇಡ.

ಈ ವರ್ಷ ನವರಾತ್ರಿ ಕಳೆದ ಮೇಲೆ ಕಿಟ್ಟನ ಮಗ ಸುಧೀರ್ ಮೊದಲ ಸಲ ತಾಂಡೇಲನಾದ. ಮೂವತ್ತನಾಲ್ಕು ವರ್ಷ, ಮಾತು ಕಡಿಮೆ, ಅಪ್ಪನ ಮಾತೆಂದರೆ ಮೊಳೆ ಹೊಡೆದಷ್ಟು ಗಟ್ಟಿ ಅವನಿಗೆ. ಬೋಟು ಅವನದಲ್ಲ, ಊರಿನ ಒಬ್ಬ ಸಾಹುಕಾರರದ್ದು. ಎಂಟು ಜನರ ಟ್ರಾಲ್ ಬೋಟು, ಹಿಂದೆ ಕಬ್ಬಿಣದ ಹಗ್ಗ ಸುತ್ತುವ ದೊಡ್ಡ ರಾಟೆ. ಜಿಪಿಎಸ್ ಪೆಟ್ಟಿಗೆಯೂ ಇತ್ತು, ಆದರೆ ಹಂದಿಕಲ್ಲು ಎಲ್ಲಿದೆಯೆಂದು ಅದಕ್ಕೆ ಹೇಳಿಕೊಟ್ಟವರಿರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಉಂಡಾದ ಮೇಲೆ ಸುಧೀರ್ ಜಗಲಿಗೆ ಬಂದು ಕೂತ. “ಅಪ್ಪ, ಹಂದಿಕಲ್ಲ್ ಗುರ್ತ್ ಹೇಳ್. ನಾಳಿ ಅದ್ರ ಬದಿಯಂಗೆ ಬಲಿ ಎಳೂಕಿತ್ತ್.”

ಕಿಟ್ಟ ಎಲೆಯಡಿಕೆ ಬಾಯಿಗೆ ಹಾಕಿ ಸಾವಕಾಶ ಜಗಿದ. ಐವತ್ತೆರಡು ವರ್ಷ ಕಾದ ಗಳಿಗೆ. ನಿಜವಾದ ಗುರ್ತೇನೆಂದರೆ ಕೊಡಚಾದ್ರಿಯ ತುದಿ ಸರಿಯಾಗಿ ಚಿಮಣಿಯ ನೆತ್ತಿಯ ಮೇಲೆ ಕೂರಬೇಕು, ಆಗ ಕಲ್ಲು ಅಡಿಯಲ್ಲಿ. “ತುದಿ ಚಿಮಣಿಂದ ಎರಡ್ ಬೆರ್ಳ್ ತೆಂಕ,” ಎಂದ ಕಿಟ್ಟ. “ಅಲ್ಲ್ ಕಲ್ಲ್ ಇತ್ತ್. ತುದಿ ನೆತ್ತಿ ಮೇಲ್ ಬಂದ್ರೆ ಹೆದ್ರಿಕಿ ಇಲ್ಲೆ, ಧೈರ್ಯದಗೆ ಬಲಿ ಬಿಡ್.”

ಸೊಸೆ ಹರಿಣಾಕ್ಷಿ ಒಳಗಿನಿಂದ ಬಂದಳು. ಬಿಜೂರಿನವಳು, ಅಲ್ಲಿಯ ಹೈಸ್ಕೂಲಿನಲ್ಲೇ ಸಮಾಜ ಪಾಠದ ಟೀಚರು. ಮಾವನ ಪಶ್ಚಿಮದ ಸಿದ್ಧಾಂತಕ್ಕೆ ನಗದಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ, ಅದಕ್ಕೆ ಕಿಟ್ಟನಿಗೆ ಅವಳ ಮೇಲೂ ಒಂದು ಹ್ಞುಂ ಇತ್ತು. ಅವಳ ಮೊಬೈಲಿನಲ್ಲಿ ಒಂದು ಹಳೆಯ ನಕ್ಷೆಯ ಚಿತ್ರವಿತ್ತು. ನೂರೆಪ್ಪತ್ತು ವರ್ಷದ ಹಿಂದೆ ಬ್ರಿಟಿಷರು ಈ ಕರಾವಳಿಯ ನೀರು ಅಳೆದು ಬರೆದದ್ದು, ಮಕ್ಕಳಿಗೆ ತೋರಿಸಲು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಿದ್ದಳು.

“ಇದ್ರಲ್ಲೂ ಒಂದ್ ಕಲ್ಲ್ ಇತ್ತ್ ಕಾಣಿ. ‘ಹಂಡೀ ರಾಕ್’ ಅಂದೇಳಿ ಬರ್ದಿದ್ರ್. ನಾನ್ ಕೊಡಚಾದ್ರಿಂದ ಈಗ ಚಿಮಣಿ ಇಪ್ಪ ಜಾಗದ ಮೇಲಾಯಿ ಒಂದ್ ಗೆರಿ ಎಳ್ದ್ ಕಂಡೆ. ಗೆರಿ ಸಮಾ ಕಲ್ಲಿನ್ ಮೇಲೇ ಹೋತ್ತ್. ಮಾವ ಹೇಳ್ದದ್ದಕ್ಕೂ ಇದಕ್ಕೂ ಅರ್ಧ ಮೈಲ್ ವ್ಯತ್ಯಾಸ ಬತ್ತ್.”

ಕಿಟ್ಟ ಕಣ್ಣು ಕಿರಿದು ಮಾಡಿ ನೋಡಿದ. ನದಿಯ ಬಾಯಿ, ದಡದ ವಂಕಿ, ಆಳದ ಅಂಕಿಗಳು, ಅವುಗಳ ನಡುವೆ ಒಂದು ಸಣ್ಣ ಶಿಲುಬೆ. ಅಪ್ಪ, ಅಜ್ಜ, ಅಜ್ಜನ ಅಪ್ಪ ಯಾರ ಬಾಯಿಂದಲೂ ಹೊರಬೀಳದ ಗುಟ್ಟು ಅಂಗೈಯಗಲದ ಗಾಜಿನೊಳಗೆ ಸರಿಯಾದ ಜಾಗದಲ್ಲೇ ಕೂತಿತ್ತು.

ಆಗ ಬಾಯಿ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಸುಧೀರ್ ಹೆಂಡತಿಯ ಕೈಯಿಂದ ಮೊಬೈಲನ್ನು ಪಕ್ಕಕ್ಕೆ ಸರಿಸಿ ನಕ್ಕ. “ಎಂತ ಹೆಣೆ? ಸತ್ತ ಬಿಳಿಯನ ಕಾಗ್ದ ನಂಬುದಾ, ಎದ್ರಿಗ್ ಕೂಕಂಡ ಅಪ್ಪನ್ನ ನಂಬುದಾ?”

ಇಂಥ ಮಾತು ಕೇಳಿ ಯಾವ ಅಪ್ಪನ ಎದೆ ಉಬ್ಬುವುದಿಲ್ಲ? ಕಿಟ್ಟನದೂ ಉಬ್ಬಿತು. ಒಂದು ಬಲೆ ಹರಿದರೆ ಹರಿಯಲಿ, ನಾಳೆ ಸಂಜೆ ನಿಜ ಹೇಳಿದರಾಯಿತು ಎಂದುಕೊಂಡ. ನೂಲಿನ ಬಲೆಯೂ ಮರದ ದೋಣಿಯೂ ಹೋಗಿ ಐವತ್ತು ವರ್ಷವಾಯಿತು ಎಂಬುದು ಆ ದೊಡ್ಡ ತಲೆಗೆ ಹೊಳೆಯಲಿಲ್ಲ. “ಹ್ಞುಂ,” ಎಂದ ಸೊಸೆಯ ಕಡೆ ತಿರುಗಿ. “ಕಳ್ರ ಕಾಗ್ದ.”

ಮರುದಿನ ಭಾನುವಾರ. ಸುಧೀರ್ ಬೆಳಕು ಹರಿಯುವಾಗ ಬೋಟು ಬಿಟ್ಟ. ಕಿಟ್ಟನಿಗೆ ಹತ್ತೂವರೆಗೆ ಕುಂದಾಪುರದಲ್ಲಿ ಸನ್ಮಾನವಿತ್ತು. ಹಟ್ಟಿಯಂಗಡಿಯ ಸುಧಾಕರ, ಕುಂದಾಪುರ ಪೇಟೆಯಲ್ಲಿ ಬಲೆ, ಹಗ್ಗದ ವ್ಯಾಪಾರ ಮಾಡುವವನು, ತಾನೇ ಕಾರು ತಂದು ಕರೆದುಕೊಂಡು ಹೋದ. ಅವನ ಸಂಘದವರು ಏರ್ಪಡಿಸಿದ್ದ ಉಪನ್ಯಾಸದ ಹೆಸರು ‘ಪಶ್ಚಿಮದ ಸೂರ್ಯಾಸ್ತ’. ಕಡಲಂಚಿನ ಊರಿನಲ್ಲಿ ಸೂರ್ಯ ದಿನವೂ ಪಶ್ಚಿಮಕ್ಕೇ ಮುಳುಗಿ ಮರುದಿನ ಮತ್ತೆ ಏಳುವುದನ್ನು ನೋಡುತ್ತಿದ್ದವರಿಗೆ ಈ ಹೆಸರಿನ ಸೊಗಸು ಯಾರಿಗೂ ತಟ್ಟಲಿಲ್ಲ.

ಉಪನ್ಯಾಸಕರು ದೂರದಿಂದ ಜರ್ಮನ್ ಕಾರಿನಲ್ಲಿ ಬಂದಿದ್ದರು. ಕಾರಿನಿಂದಿಳಿದು, ಎ.ಸಿ. ಸಾಲದೆಂದು ಹೇಳಿ, ಮೈಕು ಹಿಡಿದು, ಯಂತ್ರ ನಾಗರಿಕತೆ ಸತ್ತಿತೆಂದು ಮುಕ್ಕಾಲು ಗಂಟೆ ಹೇಳಿದರು. ಪಶ್ಚಿಮದವರಿಗೆ ಆತ್ಮವಿಲ್ಲವಂತೆ, ಬರೀ ಅಳತೆಯಂತೆ. ನಮ್ಮಲ್ಲಿ ಎಲ್ಲವೂ ಇತ್ತಂತೆ. ಇದ್ದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಗುಪ್ತವಾಗಿತ್ತಂತೆ. ಗುಪ್ತವಾಗಿದ್ದದ್ದು ಸತ್ತವರ ಜೊತೆ ಸುಡುಗಾಡಿಗೆ ಹೋಗುತ್ತದೆ ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ಕಾಸಿನ ಮಾತಿಗೆ ಹತ್ತು ಕಾಸಿನ ಚಪ್ಪಾಳೆ.

ಆಮೇಲೆ ಕಿಟ್ಟನಿಗೆ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ‘ಕಡಲ ಜ್ಞಾನಿ’ ಎಂದರು. “ನಕ್ಷೆಯಿಲ್ಲದೆ, ಯಂತ್ರವಿಲ್ಲದೆ, ಬರೀ ಕಣ್ಣಿನಿಂದ ಕಡಲನ್ನು ಓದುವವರು ಇವರು,” ಎಂದು ಉಪನ್ಯಾಸಕರು ಅವನ ಹೆಗಲು ತಟ್ಟಿದರು. ಕಿಟ್ಟ ಮೈಕಿನ ಮುಂದೆ ನಿಂತ.

“ಕಾಗ್ದ ನಂಬುವವ್ರಿಗೆ ಕಾಗ್ದವೇ ಗತಿ,” ಎಂದು ಶುರುಮಾಡಿದ. “ನಮ್ದೆಲ್ಲ ತಲಿಯಂಗೆ ಇತ್ತ್. ಅಪ್ಪ ಮಗಂಗೆ ಹೇಳೂದ್, ಮಗ ಅವ್ನ್ ಮಗಂಗೆ ಹೇಳೂದ್. ಒಂದ್ ಅಕ್ಷರ ತಪ್ಪುಕಿಲ್ಲೆ—”

ಶಾಲಿನ ಕೆಳಗೆ, ಅಂಗಿಯ ಕಿಸೆಯಲ್ಲಿ ಮೊಬೈಲು ಗುರುಗುಟ್ಟಿತು. ಬಿಟ್ಟ. ಮತ್ತೆ ಗುರುಗುಟ್ಟಿತು. ಮೂರನೆಯ ಸಲ ಮೈಕಿನ ಎದುರಿಗೇ ತೆಗೆದು ಕಿವಿಗಿಟ್ಟ. ವನಜಳ ದನಿ ಮೈಕಿನಲ್ಲಿ ಅರ್ಧ ಸಭೆಗೇ ಕೇಳಿಸಿತು. “ಹ್ವಾಯ್, ಎಲ್ಲಿದ್ರಿ? ಬೋಟ್ ಮಗ್ಚುಕಾಯಿತ್ತ್ ಅಂಬ್ರ್. ಆಸ್ಪತ್ರಿಗ್ ಬನ್ನಿ.”

ನಡೆದದ್ದು ಇಷ್ಟು. ಸುಧೀರ್ ಚಿಮಣಿಯನ್ನು ನೋಡುತ್ತ, ಕೈ ಚಾಚಿ ಬೆರಳು ಅಳೆಯುತ್ತ, ಕಲ್ಲು ತೆಂಕಿಗಿದೆ ಎಂದು ನಂಬಿ ಕೊಡಚಾದ್ರಿಯ ತುದಿ ನೆತ್ತಿಯ ಮೇಲೆ ಬಂದಾಗ ಧೈರ್ಯದಿಂದ ಬಲೆ ಬಿಟ್ಟಿದ್ದ. ಅಪ್ಪ ಹೇಳಿದ ಜಾಗದಲ್ಲೇ. ಬಲೆ ಹಂದಿಕಲ್ಲಿಗೆ ಕಚ್ಚಿತು. ಎಂಜಿನ್ ಮುಂದಕ್ಕೆ ಎಳೆಯಿತು, ಕಲ್ಲು ಬಿಡಲಿಲ್ಲ, ಬೋಟು ಒಂದು ಪಕ್ಕಕ್ಕೆ ವಾಲಿ ನೀರು ಒಳಗೆ ನುಗ್ಗಿತು. ನಾಗ ಎಂಬವನು ರಾಟೆಯ ಬ್ರೇಕು ಬಿಡಿಸಲು ಹಾರಿದ. ಅವನು ಬಿಡಿಸಿದ್ದರಿಂದಲೇ ಬೋಟು ಎದ್ದು ನಿಂತಿತು, ಎಂಟು ಜನ ಉಳಿದರು. ಆದರೆ ಕಬ್ಬಿಣದ ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುವಾಗ ಅವನ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡು ಹೋಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸುಧೀರ್ ಒದ್ದೆ ಬಟ್ಟೆಯಲ್ಲೇ ಕೂತಿದ್ದ. ಅಪ್ಪನನ್ನು ಕಂಡು ಎದ್ದ. ಬೈಯುತ್ತಾನೆಂದು ಕಿಟ್ಟ ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

“ಅಪ್ಪ, ನೀ ಹೇಳ್ದಾಂಗೇ ಅಳ್ದಿದ್ದೆ,” ಎಂದ ಸುಧೀರ್. “ಎರಡ್ ಬೆರ್ಳ್ ತೆಂಕ. ಮೂರ್ ಸಲ ಅಳ್ದೆ. ನನ್ ಕಣ್ಣಿಗೇ ಎಂತೋ ತಪ್ಪಾಯ್ತಾ ಏನೋ. ನಂಗೆ ಬತ್ತಿಲ್ಲೆ ಅಪ್ಪ ಇದ್. ನಂಗೆ ತಾಂಡೇಲ್ತನ ಬತ್ತಿಲ್ಲೆ.”

ಕಿಟ್ಟನ ಹೆಗಲ ಮೇಲೆ ಇನ್ನೂ ಶಾಲಿತ್ತು. ಗೋಡೆಗೆ ಒರಗಿ ನಿಂತ ಹರಿಣಾಕ್ಷಿ ಮಾವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಅವಳು ಗಂಡನಿಗೆ ಹೇಳಲಿಲ್ಲ. ಹೇಳಬೇಕಾದವನು ಹೇಳಲಿ ಎಂದು ಬಿಟ್ಟಳು.

ಎರಡು ದಿನ ಕಿಟ್ಟ ಕಟ್ಟೆಗೆ ಹೋಗಲಿಲ್ಲ. ಬಂಗಡೆ ಬಟ್ಟಲಿನಲ್ಲೇ ತಣ್ಣಗಾಯಿತು. ಬಂದರಿನಲ್ಲಿ ಮಾತು ಬೆಳೆಯುತ್ತಿತ್ತು: ಸುಧೀರನಿಗೆ ಕಡಲು ಗೊತ್ತಿಲ್ಲ, ಅಪ್ಪನ ಹೆಸರು ಕೆಡಿಸಿದ. ಸಾಹುಕಾರರು ಶುಕ್ರವಾರದಿಂದ ಬೇರೆ ತಾಂಡೇಲನನ್ನು ಹಾಕುತ್ತಾರಂತೆ ಎಂದು ವನಜಳೇ ಕೇಳಿಕೊಂಡು ಬಂದಳು. ಸುಧೀರ್ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ಎರಡನೆಯ ದಿನ ಸಂಜೆ ಹರಿಣಾಕ್ಷಿ ಶಾಲೆಯಿಂದ ಬಂದು ಚೀಲ ಇಡುವಷ್ಟರಲ್ಲಿ ಕಿಟ್ಟ ಕರೆದ. “ಆ ಕಾಗ್ದ ಇನ್ನೊಂದ್ಸಲ ತೋರ್ಸ್.”

ಅವಳು ನಕ್ಷೆ ತೆರೆದು ಅಂಚಿನ ಸಣ್ಣ ಬರಹವನ್ನು ದೊಡ್ಡದು ಮಾಡಿದಳು, ಕನ್ನಡದಲ್ಲಿ ಹೇಳಿದಳು. “ಈ ಕಲ್ಲನ್ನ್ ನಾವ್ ಮೊದ್ಲ್ ತಪ್ಪ್ ಜಾಗದಲ್ಲ್ ಗುರ್ತ್ ಮಾಡಿತ್ತ್. ಕುಂದಾಪ್ರದ ಒಬ್ಬ ತಾಂಡೇಲ ಸಮಾ ಜಾಗ ತೋರ್ಸಿ ಕೊಟ್ಟ. ಈಗ ತಿದ್ದಿದ್ದ್. ಹಿಂಗ್ ಬರ್ದಿದ್ರ್.”

ಕಿಟ್ಟ ಆ ಸಣ್ಣ ಶಿಲುಬೆಯ ಮೇಲೆ ಬೆರಳಿಟ್ಟ. ಯಾರವನು? ಯಾರದೋ ಅಜ್ಜ. ತನ್ನವನೇ ಇರಬಹುದು. ಆ ತಾಂಡೇಲ ಪರದೇಶದ ಬಿಳಿಯನಿಗೆ ನಿಜ ಹೇಳಿದ್ದ. ಬಿಳಿಯ ತಾನು ತಪ್ಪಿದ್ದೆ ಎಂದು ಬರೆದು ತಿದ್ದಿಕೊಂಡ. ಎಪ್ಪತ್ತೊಂದು ವರ್ಷದ ಕಡಲ ಜ್ಞಾನಿ ಹೆತ್ತ ಮಗನಿಗೆ ಸುಳ್ಳು ಹೇಳಿ ಸಭೆಯಲ್ಲಿ ಶಾಲು ಹೊದ್ದುಕೊಂಡ. ಥೂ.

“ಕಳ್ರೇ ಅವ್ರ್,” ಎಂದ ಕೊನೆಗೆ, ಹಳೆಯ ಹಟದಿಂದ.

“ಕಳ್ರೇ ಮಾವ, ಇಲ್ಲ ಅಂತಿಲ್ಲೆ. ಇದೇ ಕಾಗ್ದ ಹಿಡ್ಕಂಡ್ ಬಂದ್ ನಮ್ಮ್ ಅಕ್ಕಿ, ಮೆಣ್ಸ್, ಮರ ಎಲ್ಲ ಹೊತ್ಕಂಡ್ ಹೋದ್ರ್. ಆದ್ರೆ ಕಳ್ರ ಮನಿಯಂಗೆ ಒಬ್ಬ ಕಂಡದ್ದನ್ನ ಇನ್ನೊಬ್ಬಂಗೆ ಸುಳ್ಳ್ ಹೇಳ್ಲಿಲ್ಲೆ. ತಪ್ಪ್ ಮಾಡಿದ್ದನ್ನೂ ಬರ್ದಿಟ್ರ್. ಅದ್ಕೇ ಅಪ್ಪ ಬಿದ್ದ ಹೊಂಡಕ್ಕೆ ಮಗ ಬೀಳ್ಲಿಲ್ಲೆ. ನಮ್ಮಲ್ಲ್ ಅಪ್ಪ ಬಿದ್ದ ಹೊಂಡಕ್ಕೆ ಮಗನ್ನ ದೂಡುದೇ ವಿದ್ಯೆ.”

ಹಿಂದೆ ಆಗಿದ್ದರೆ ಸೊಸೆ ಇಷ್ಟು ಮಾತಾಡಿದ್ದಕ್ಕೆ ಮನೆ ಹಾರಿಹೋಗುತ್ತಿತ್ತು. ಕಿಟ್ಟ ತಲೆ ತಗ್ಗಿಸಿದ. ಆಮೇಲೆ ಕೇಳಿದ: “ಹಾಂಗಾರೆ ಅವ್ರ್ ಮುಳುಗುದ್ ಸುಳ್ಳಾ?”

“ನಂಗೆಂತ ಗೊತ್ತ್? ಅವ್ರೂ ಈಗ ತಪ್ಪ್ ಮಾಡ್ಕಂಡ್ ಇಲ್ಲ ಅಂಬುಕೆ ಶುರು ಮಾಡಿದ್ರ್. ಬರ್ದವನ್ನ ಬಿಟ್ಟ್ ಕೂಗ್ದವನ್ನ ನಂಬುಕೆ ಹೊರ್ಟಿದ್ರ್, ನಮ್ಮ್ ಕಟ್ಟಿ ಹಾಂಗೇ. ಅದೇ ಹೌದಾರೆ ಮುಳುಗ್ತ್ರ್.” ಅವಳು ಮೊಬೈಲು ಆರಿಸಿದಳು. “ಅವ್ರ್ ಮುಳುಗ್ರೆ ನಿಮ್ಮ್ ಮಗ ತೇಲ್ತನಾ ಮಾವ?”

ಮೂರನೆಯ ದಿನ ಬೆಳಿಗ್ಗೆ ಕಿಟ್ಟ ಕಟ್ಟೆಗೆ ಹೋದ. ಅವನನ್ನು ಕಂಡದ್ದೇ ಮಂಜ ಮುಖ ಸಣ್ಣದು ಮಾಡಿಕೊಂಡ, ಒಳಗೊಳಗೇ ಹಿಗ್ಗುತ್ತ. “ಎಂತ ಮಾಡುದ್ ಕಿಟ್ಟಣ್ಣ. ಹುಲಿ ಹೊಟ್ಟಿಯಂಗೂ ಹುಲ್ಲೆ ಹುಟ್ಟತ್ತ್. ಸುಧೀರಂಗೆ ಕಡಲ್ ಅಲ್ಲ, ಕೆರಿಯೂ ಆಪುದಲ್ಲ.”

“ಅವಂದ್ ತಪ್ಪಲ್ಲ. ನಾನ್ ಸುಳ್ಳ್ ಗುರ್ತ್ ಹೇಳಿದ್ದೆ. ಕಲ್ಲ್ ಇಪ್ಪುದ್ ತುದಿ ಚಿಮಣಿ ನೆತ್ತಿ ಮೇಲ್ ಕೂತಲ್ಲೇ.”

ಕಟ್ಟೆಯ ಮೇಲಿದ್ದವರು ಮಂಜನ ಮುಖ ನೋಡಿದರು. ಆಮೇಲೆ ಮಂಜ ಕಣ್ಣು ಹೊಡೆದು ಗಹಗಹಿಸಿದ. “ಮಗನ್ ಮಾನ ಉಳ್ಸುಕೆ ಹೇಳ್ತ್ಯಾ, ನನ್ ಬಲಿ ಹರ್ಸುಕೆ ಹೇಳ್ತ್ಯಾ? ನೆತ್ತಿ ಮೇಲೆ ಅಂದ್ರೆ ನೆತ್ತಿ ಮೇಲ್ ಇಲ್ಲೆ ಅಂದೇ ಆಯ್ತಲೆ ಮಾರಾಯ! ನಿನ್ ಬಾಯಿಂದ ನಿಜ ಬಪ್ಪುದ್ ಕಂಡವ್ರ್ ಯಾರಿದ್ರ್?”

ಎಲ್ಲರೂ ನಕ್ಕರು. ಅದೇ ನಗು, ಕೆಂಪು ಮೀಸೆಯ ಕ್ಯಾಪ್ಟನ್ನಿಗೆ ನಕ್ಕ ನಗು. ಐವತ್ತು ವರ್ಷ ಜಾಣತನದಿಂದ ಸುಳ್ಳು ಹೇಳಿದ್ದಕ್ಕೆ ಸಂದ ಫಲ ಇದು: ನಿಜ ಹೇಳಿದರೂ ಅದು ಇನ್ನೊಂದು ಜಾಣತನ. ನಾಳೆ ಮಂಜ ಅದೇ ಜಾಗದಲ್ಲಿ ಬಲೆ ಬಿಟ್ಟು ಇನ್ಯಾರದೋ ಕೈ ತೆಗೆಸುತ್ತಾನೆ.

ಕಿಟ್ಟ ಮನೆಗೆ ಹೋದ. ಆ ದಿನ ಶಾಲೆಗೆ ರಜೆ ಹಾಕಿದ್ದ ಸೊಸೆಯಿಂದ ಬಿಳಿ ಕಾಗದ, ಪೆನ್ನು ಕೇಳಿ ತೆಗೆದುಕೊಂಡ. ತಾನು ಬರೆದುಕೊಡುತ್ತೇನೆಂದು ಅವಳು ಹೇಳಿದರೂ ಕೊಡಲಿಲ್ಲ. ನಾಲ್ಕನೆಯ ಕ್ಲಾಸು ಓದಿದ ಕೈ, ಬಸ್ಕಿ ಹೊಡೆದಂತೆ ಏಳುವ ಬೀಳುವ ಅಕ್ಷರ. ಒಂದೂವರೆ ಗಂಟೆ ಹಿಡಿಯಿತು. ಮತ್ತೆ ಬಂದರಿಗೆ ಹೋಗಿ ಐಸ್ ಫ್ಯಾಕ್ಟರಿಯ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವ ಕಡೆ, ಅನ್ನದ ಅಗುಳು ಹಚ್ಚಿ ಅಂಟಿಸಿದ.

ಮಂಜ ಎದ್ದು ಬಂದು ತಮಾಷೆ ಮಾಡುವ ದನಿಯಲ್ಲಿ ಗಟ್ಟಿಯಾಗಿ ಓದತೊಡಗಿದ.

“ನನ್ನ ತಪ್ಪಿನಿಂದ ಬೋಟು ಹಂದಿಕಲ್ಲಿಗೆ ಸಿಕ್ಕಿತು. ನಾನು ನನ್ನ ಮಗ ಸುಧೀರನಿಗೆ ಬೇಕೆಂದೇ ಸುಳ್ಳು ಗುರ್ತು ಹೇಳಿದೆ. ಅವನು ನಂಬಿದ. ನಾಗನ ಎರಡು ಬೆರಳು ಹೋದದ್ದು ನನ್ನಿಂದ—”

ಅಲ್ಲಿಗೆ ಮಂಜನ ದನಿ ಇಳಿಯಿತು. ಮುಂದಿನದನ್ನು ಅವನು ಮನಸ್ಸಿನಲ್ಲೇ ಓದಿಕೊಂಡ. ಕೆಳಗೆ ಹಂದಿಕಲ್ಲಿನ ಗುರ್ತಿತ್ತು, ಅದರ ಕೆಳಗೆ ಕಿಟ್ಟನ ಸಹಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವೆಂದು ಬಂದರಿನ ಪ್ರತಿಯೊಬ್ಬನಿಗೂ ಗೊತ್ತು. ಬಲೆ ಹರಿಸುವುದಕ್ಕೆಂದು ಯಾರೂ ತನ್ನ ಮಾನವನ್ನು ಗೋಡೆಗೆ ಅಂಟಿಸುವುದಿಲ್ಲ. ಯಾರೂ ನಗಲಿಲ್ಲ.

ಮಂಜ ಮೊಬೈಲು ತೆಗೆದು ಕಾಗದದ ಚಿತ್ರ ಹಿಡಿದ. ಹತ್ತಿರ ಹೋಗಿ ಇನ್ನೊಂದು ಹಿಡಿದ. “ನೆತ್ತಿ ಮೇಲೇ?” ಎಂದು ಕಿಟ್ಟನ ಮುಖ ನೋಡದೆ ಕೇಳಿದ.

“ನೆತ್ತಿ ಮೇಲೇ.”

ಉಳಿದವರೂ ಒಬ್ಬೊಬ್ಬರೇ ಎದ್ದು ಬಂದು ಚಿತ್ರ ಹಿಡಿದುಕೊಂಡು ಹೋದರು. ಕಿಟ್ಟನ ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುಧೀರ್ ಬಂದ. ಯಾರೋ ಆ ಚಿತ್ರವನ್ನು ಅವನ ಮೊಬೈಲಿಗೂ ಕಳಿಸಿರಬೇಕು. ಗೋಡೆಯ ಮುಂದೆ ನಿಂತು ಎರಡು ಸಲ ಓದಿದ. ಆಮೇಲೆ ಬಂದು ಅಪ್ಪನಿಂದ ಒಂದು ಮಾರು ದೂರದಲ್ಲಿ ಕೂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆ ಹಳೆಯ ನಂಬಿಕೆಯೂ ಇರಲಿಲ್ಲ.

“ಅಪ್ಪ,” ಎಂದ. “ಮರವಂತೆ ಎದ್ರಿಗೆ ಒಂದ್ ಕಲ್ಲಿನ್ ಗುರ್ತ್ ಹೇಳಿದ್ಯಲೆ. ಅದೂ ಸುಳ್ಳಾ?”

ಕಿಟ್ಟ ಹೂಂ ಎಂದು ತಲೆಯಾಡಿಸಿದ.

“ಬೈಂದೂರ್ ಬದಿದ್?”

“ಅದೂ.”

“ಅಳಿವಿ ಬಾಯಿ ಮರ್ಳ್ ದಿಬ್ಬ? ಅದ್ರ ಮೇಲೆ ದಿನಾ ಹೋತಿತ್ತಲೆ ನಾವ್.”

ಕಿಟ್ಟ ಕಿಸೆಯಿಂದ ಪೆನ್ನು ತೆಗೆದ, ಗೋಡೆಯ ಮೇಲಿನ ಹಾಳೆಯನ್ನು ನೋಡಿದ. ಅದರಲ್ಲಿ ಜಾಗ ಉಳಿದಿರಲಿಲ್ಲ.

“ಮನಿಗ್ ಹೋಯಿ ಹರಿಣಾಕ್ಷಿ ಹತ್ರ ಒಂದ್ ಪುಸ್ತಕ ಕೇಣ್ಕಂಡ್ ಬಾ,” ಎಂದ ಮಗನಿಗೆ. “ದಪ್ಪದ್ದ್ ತಕಂಡ್ ಬಾ.”